ಕಬ್ಬಿಗೆ ಬೆಂಕಿ ಬಿದ್ದಾಗ: ಊರಿಗೊಂದು ಅಗ್ನಿ ರಕ್ಷಣಾ ಪಡೆ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ನಮ್ಮ ಭಾಗದಲ್ಲಿ ಕಬ್ಬಿಗೆ ಬೆಂಕಿ ಬಿದ್ದ ಸುದ್ದಿಗಳೂ ಶುರುವಾಗುತ್ತವೆ. ಅಕ್ಕಲಕೋಟ ಇರಲಿ, ದಕ್ಷಿಣ ಸೊಲ್ಲಾಪುರ ಇರಲಿ, ಜತ್ತ ಇರಲಿ, ಕಾರಣಗಳು ಎಲ್ಲ ಕಡೆಗೂ ಅವೇ. ಜೋತುಬಿದ್ದ ವಿದ್ಯುತ್ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗುತ್ತವೆ. ಯಾರೋ ಆರಿಸದೆ ಬೀಡಿ ಎಸೆಯುತ್ತಾರೆ. ಬದುವಿನ ಕಸಕ್ಕೆ ಹಚ್ಚಿದ ಬೆಂಕಿ ಕೈಮೀರುತ್ತದೆ. ಕಬ್ಬು ಕಡಿಯುವ ಟೋಳಿಯ ಒಲೆಯಿಂದ ಕಿಡಿ ಹಾರುತ್ತದೆ. ಹನ್ನೆರಡು-ಹದಿನಾಲ್ಕು ತಿಂಗಳು ಮಕ್ಕಳಂತೆ ಸಾಕಿದ ಬೆಳೆ ಕಣ್ಣೆದುರಿಗೇ ಉರಿದುಹೋಗುತ್ತದೆ.

ಇದು ಒಂದು ಹಾನಿ. ಇದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಉರಿಯುತ್ತಿರುವ ಕಬ್ಬನ್ನು ಉಳಿಸಬೇಕೆಂದು ಗೋಣಿಚೀಲ ಹಿಡಿದು ಒಳಗೆ ನುಗ್ಗಿದ ರೈತ ಹೊಗೆಯಲ್ಲಿ ದಿಕ್ಕು ತಪ್ಪಿ ಅಲ್ಲಿಯೇ ಬೀಳುತ್ತಾನೆ. ಹೀಗೆ ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಅವರಲ್ಲಿ ವಯಸ್ಸಾದವರೇ ಹೆಚ್ಚು ಕಾಣುತ್ತಾರೆ. ಇವರಾರೂ ಧೈರ್ಯ ಕಡಿಮೆಯಾಗಿ ಸತ್ತವರಲ್ಲ. ಬೆಂಕಿಯ ಸ್ವಭಾವದ ಅರಿವು, ಸರಿಯಾದ ಸಾಮಗ್ರಿ ಮತ್ತು ಜೊತೆಗಾರರ ವ್ಯವಸ್ಥೆ ಇಲ್ಲದ್ದರಿಂದ ಸತ್ತವರು. ಈ ಮೂರನ್ನೂ ಊರಿನಲ್ಲಿಯೇ ಸಿದ್ಧ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಬಂಬ ಬರುವ ಮುಂಚಿನ ಹೊತ್ತು

ಅಗ್ನಿಶಾಮಕ ದಳದ ಬಂಬಗಳು ನಿಲ್ಲುವುದು ಪಟ್ಟಣಗಳಲ್ಲಿ. ಅಲ್ಲಿಂದ ನಿಮ್ಮ ಊರಿಗೆ, ಊರಿನಿಂದ ಹೊಲಕ್ಕೆ ಅದು ಬರಬೇಕು. ಹಂಗಾಮಿನ ದಿನಗಳಲ್ಲಿ ದಾರಿಯ ತುಂಬ ಕಬ್ಬಿನ ಟ್ರೇಲರುಗಳು. ಹೊಲದ ದಾರಿಯೋ ಬಂಡಿ ಹೋಗುವಷ್ಟೇ ಅಗಲ. ಎಷ್ಟೇ ಬೇಗ ಹೊರಟರೂ ಮೊದಲಿನ ಹೊತ್ತೆಲ್ಲ ಊರವರ ಕೈಯಲ್ಲಿಯೇ ಇರುತ್ತದೆ. ಬೆಂಕಿ ಒಂದು ಹೊಲದಲ್ಲಿ ನಿಲ್ಲುವುದೋ ಹತ್ತು ಹೊಲ ದಾಟುವುದೋ ಎಂಬುದು ಅದೇ ಹೊತ್ತಿನಲ್ಲಿ ತೀರ್ಮಾನವಾಗುತ್ತದೆ.

ಆ ಹೊತ್ತಿನಲ್ಲಿ ಈಗ ಏನು ನಡೆಯುತ್ತದೆ ಎಂಬುದನ್ನು ನೆನೆಸಿಕೊಳ್ಳಿರಿ. ಐವತ್ತು ಜನ ಓಡಿ ಬರುತ್ತಾರೆ. ಒಬ್ಬನು ಮೋಟರು ಚಾಲೂ ಮಾಡಲು ಬಾವಿಗೆ ಓಡುತ್ತಾನೆ. ಇನ್ನೊಬ್ಬನು ಲೈನು ಬಂದು ಮಾಡಿಸಲು ಫೋನು ಮಾಡುತ್ತಾನೆ. ಲೈನು ಬಂದಾದೊಡನೆ ಮೋಟರೂ ನಿಲ್ಲುತ್ತದೆ. ಬಂಬಕ್ಕೆ ಫೋನು ಮಾಡಿದ್ದು ಯಾರೆಂದು ಕೇಳಿದರೆ ಪ್ರತಿಯೊಬ್ಬನೂ ಇನ್ನೊಬ್ಬನ ಮುಖ ನೋಡುತ್ತಾನೆ. ಒಳಗೆ ಎಷ್ಟು ಜನ ಹೋದರು, ಎಷ್ಟು ಜನ ಹೊರಗೆ ಬಂದರು ಎಂದು ಎಣಿಸಿದವರಿಲ್ಲ. ದುಡಿಯುವ ಕೈಗಳಿಗೆ ಕೊರತೆಯಿಲ್ಲ. ಆ ಕೈಗಳನ್ನು ಒಂದುಗೂಡಿಸುವ ವ್ಯವಸ್ಥೆ ಇಲ್ಲ.

ಸುಟ್ಟರೂ ಜಲ್ಲೆ ಉಳಿಯುತ್ತದೆ

ಪಡೆ ಕಟ್ಟುವ ಮುನ್ನ ಒಂದು ಮಾತು ಎಲ್ಲರ ಮನಸ್ಸಿನಲ್ಲಿ ನಾಟಬೇಕು. ಬೆಳೆದು ನಿಂತ ಕಬ್ಬಿಗೆ ಬೆಂಕಿ ಬಿದ್ದಾಗ ಉರಿಯುವುದು ಹೆಚ್ಚಾಗಿ ಒಣ ಎಲೆ, ಅಂದರೆ ರವದಿ. ರಸ ತುಂಬಿದ ಜಲ್ಲೆ ಮೇಲೆ ಕಪ್ಪಾಗಿ ನಿಂತಿರುತ್ತದೆ. ಬೇಗ ಕಡಿದು ಬೇಗ ಸಾಗಿಸಿದರೆ ಅದು ನುರಿಸಲು ಬರುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ೧೯೩೦ರ ದಶಕದಲ್ಲಿ ಇಲಿಗಳಿಂದ ಹರಡುವ ಒಂದು ಜ್ವರಕ್ಕೆ ಕಬ್ಬು ಕಡಿಯುವವರು ಬಲಿಯಾಗತೊಡಗಿದಾಗ, ಕಡಿಯುವ ಮುನ್ನ ಹೊಲಕ್ಕೆ ಬೆಂಕಿ ಕೊಡುವ ರೂಢಿಯೇ ಅಲ್ಲಿ ಬೆಳೆಯಿತು. ಆಮೇಲೆ ಹಸಿ ಕಬ್ಬನ್ನೇ ಯಂತ್ರದಿಂದ ಕಡಿಯುವ ಪದ್ಧತಿ ಅಲ್ಲಿ ಹಬ್ಬಿತಾದರೂ, ಹಲವು ವರ್ಷ ಅಲ್ಲಿಯ ಕಾರ್ಖಾನೆಗಳು ನುರಿಸಿದ್ದು ಸುಟ್ಟ ಕಬ್ಬನ್ನೇ.

ಸುಡುವುದು ಒಳ್ಳೆಯದೆಂದು ಇದರ ಅರ್ಥವಲ್ಲ. ಸುಟ್ಟ ಕಬ್ಬು ಹಸಿ ಕಬ್ಬಿಗಿಂತ ಬೇಗ ಕೆಡುತ್ತದೆ, ತೂಕ ಇಳಿಯುತ್ತದೆ, ಸಕ್ಕರೆಯ ಅಂಶ ಕುಗ್ಗುತ್ತದೆ. ಭೂಮಿಗೆ ಸೇರಬೇಕಾದ ರವದಿಯೂ ಬೂದಿಯಾಗುತ್ತದೆ. ಆದರೆ ಹೊತ್ತಿಕೊಂಡ ಫಡದ ಒಳಗೆ ನುಗ್ಗಿ ಉಳಿಸುವಂಥದ್ದು ಏನೂ ಇರುವುದಿಲ್ಲ. ಎಲೆ ಹೇಗೂ ಹೋಯಿತು. ಜಲ್ಲೆ ಹೇಗೂ ನಿಂತಿದೆ. ನಾವು ಉಳಿಸಬೇಕಾದದ್ದು ಬೇರೆ: ಪಕ್ಕದವರ ಫಡ, ಎಳೆಯ ಕುಳೆ ಬೆಳೆ, ಹನಿ ನೀರಾವರಿಯ ಕೊಳವೆಗಳು, ದನದ ಕೊಟ್ಟಿಗೆ, ಮೇವಿನ ಬಣವೆ, ಟೋಳಿಯವರ ಗುಡಿಸಲು ಮತ್ತು ಅದರಲ್ಲಿ ಮಲಗಿರುವ ಕೂಸುಗಳು. ಆದ್ದರಿಂದ ಪಡೆಯ ಕೆಲಸ ಬೆಂಕಿಯ ಒಳಗಲ್ಲ, ಅದರ ಅಂಚಿನಲ್ಲಿ. ಇದನ್ನು ಒಪ್ಪದವನು ಎಷ್ಟೇ ಗಟ್ಟಿಗನಾದರೂ ಅವನನ್ನು ಪಡೆಗೆ ಸೇರಿಸಬೇಡಿರಿ.

ಹೊಸ ವಿಚಾರವೇನೂ ಅಲ್ಲ

ಊರವರೇ ಸೇರಿ ಬೆಂಕಿ ಆರಿಸುವ ಸಂಘ ಕಟ್ಟುವುದು ಹಳೆಯ ಪದ್ಧತಿ. ಅಮೆರಿಕದ ಫಿಲಡೆಲ್ಫಿಯಾ ಪಟ್ಟಣದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನರು ೧೭೩೬ರಲ್ಲಿ ಇಂಥ ಸಂಘವೊಂದನ್ನು ಕಟ್ಟಿದರು. ಸುಮಾರು ಮೂವತ್ತು ಜನ ಸದಸ್ಯರು. ಪ್ರತಿಯೊಬ್ಬನೂ ತನ್ನ ಮನೆಯಲ್ಲಿ ಚರ್ಮದ ಬಕೀಟುಗಳನ್ನೂ, ಸಾಮಾನು ತುಂಬಿ ಹೊರಗೆ ಸಾಗಿಸಲು ಗಟ್ಟಿ ಚೀಲಗಳನ್ನೂ ಸದಾ ಸಿದ್ಧವಾಗಿ ಇಟ್ಟಿರಬೇಕು, ತಿಂಗಳಿಗೊಮ್ಮೆ ಸಭೆ, ಸಭೆಗೆ ಬಾರದವನಿಗೆ ದಂಡ. ಆ ದಂಡದ ಹಣದಿಂದಲೇ ನೀರೆರೆಯುವ ಯಂತ್ರ, ಏಣಿ, ಕೊಕ್ಕೆಗಳನ್ನು ಕೊಂಡರು. ಇಂದಿಗೂ ಜರ್ಮನಿಯಲ್ಲಿ ಸುಮಾರು ಹತ್ತು ಲಕ್ಷ ಜನ ಸ್ವಯಂಸೇವಕರು ತಮ್ಮ ತಮ್ಮ ಊರಿನ ಅಗ್ನಿಶಾಮಕ ದಳದಲ್ಲಿ ಇದ್ದಾರೆ. ಆಸ್ಟ್ರೇಲಿಯಾದ ಒಕ್ಕಲಿಗರು ನೀರಿನ ಟಾಕಿ, ಸಣ್ಣ ಎಂಜಿನ್ ಪಂಪು, ರಬ್ಬರು ಪೈಪಿನ ಸುರುಳಿ ಇವನ್ನು ಒಂದೇ ಚೌಕಟ್ಟಿಗೆ ಕೂಡಿಸಿ, ಬೇಸಿಗೆಯಲ್ಲಿ ಗಾಡಿಯ ಮೇಲೆ ಏರಿಸಿ ಇಟ್ಟಿರುತ್ತಾರೆ.

ನಮ್ಮಲ್ಲಿಯೂ ಇದಕ್ಕೆ ನೆಲೆ ಇದೆ. ೨೦೦೫ರ ಆಪತ್ತು ನಿರ್ವಹಣಾ ಕಾಯಿದೆಯಂತೆ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರವಿದೆ. ಕೇಂದ್ರ ಸರಕಾರದ 'ಆಪದಾ ಮಿತ್ರ' ಯೋಜನೆಯಲ್ಲಿ ಸ್ವಯಂಸೇವಕರಿಗೆ ೧೨ ದಿನಗಳ ತರಬೇತಿಯನ್ನು ಕೊಡಲಾಗಿದೆ. ನಿಮ್ಮ ಕಡೆ ಅಂಥ ತರಬೇತಿ ಪಡೆದವರು ಇದ್ದರೆ ಅವರನ್ನೇ ಮೊದಲು ಕರೆಯಿರಿ. ಊರ ಪೊಲೀಸ್ ಪಾಟೀಲರು ಮತ್ತು ಸರಪಂಚರನ್ನು ಬಿಟ್ಟು ಪಡೆ ಕಟ್ಟಬೇಡಿರಿ.

ಪಡೆಯಲ್ಲಿ ಯಾರು, ಯಾವ ಕೆಲಸಕ್ಕೆ

ಹನ್ನೆರಡು ಜನ ಸಾಕು. ಹಗಲು ಊರಲ್ಲಿಯೇ ಇರುವವರಾಗಿರಬೇಕು; ಸೊಲ್ಲಾಪುರಕ್ಕೆ ನೌಕರಿಗೆ ಹೋಗುವವರಿಂದ ಪ್ರಯೋಜನವಿಲ್ಲ. ದಮ್ಮು, ಹೃದಯದ ಬೇನೆ ಇರುವವರನ್ನು ಬೆಂಕಿಯ ಹತ್ತಿರದ ಕೆಲಸಕ್ಕೆ ಹಾಕಬಾರದು. ಕೆಲಸ ಹಂಚಿಕೆ ಹೀಗಿರಲಿ:

೧) ಮುಖ್ಯಸ್ಥ, ಒಬ್ಬ. ಇವನು ಕೈಯಲ್ಲಿ ಪೈಪು ಹಿಡಿಯಬಾರದು. ಎಲ್ಲ ಕಾಣುವ ಜಾಗದಲ್ಲಿ ನಿಂತು ಹೇಳುವುದೇ ಇವನ ಕೆಲಸ. ಹೊಲದ ಮಾಲೀಕನನ್ನು ಆ ಬೆಂಕಿಗೆ ಮುಖ್ಯಸ್ಥನನ್ನಾಗಿ ಮಾಡಬೇಡಿರಿ. ತನ್ನ ಬೆಳೆ ಉರಿಯುತ್ತಿರುವವನಿಗೆ ತಲೆ ತಣ್ಣಗಿರುವುದಿಲ್ಲ.
೨) ಕಾವಲುಗಾರ, ಒಬ್ಬ. ಗಾಳಿ, ಹಾರುವ ಕಿಡಿ, ತಂತಿ ಇವುಗಳ ಮೇಲೆ ಕಣ್ಣು. ಕೊರಳಲ್ಲಿ ಸೀಟಿ.
೩) ಸುದ್ದಿ ಮುಟ್ಟಿಸುವವರು, ಇಬ್ಬರು. ಒಬ್ಬರು ಫೋನು ಮಾಡಬೇಕು. ಇನ್ನೊಬ್ಬರು ಡಾಂಬರು ರಸ್ತೆಗೆ ಹೋಗಿ ನಿಂತು ಬಂಬಕ್ಕೆ ಹೊಲದ ದಾರಿ ತೋರಿಸಬೇಕು.
೪) ನೀರು ಮತ್ತು ಪಂಪು, ಮೂವರು. ಟ್ರ್ಯಾಕ್ಟರು ನಡೆಸುವವನು, ಪಂಪಿನವನು, ಪೈಪು ಹಿಡಿಯುವವನು.
೫) ಅಂಚಿನ ಕೆಲಸ, ಮೂವರು. ರವದಿ ಸರಿಸಿ ನೆಲ ಬರಿದು ಮಾಡುವುದು, ಸಣ್ಣ ಉರಿ ಬಡಿದು ಆರಿಸುವುದು.
೬) ಜನ, ದನ ಮತ್ತು ಪ್ರಥಮ ಚಿಕಿತ್ಸೆ, ಇಬ್ಬರು. ಗುಡಿಸಲು ಬರಿದು ಮಾಡಿಸುವುದು, ದನಗಳ ಹಗ್ಗ ಬಿಚ್ಚುವುದು, ಬಂದವರ ತಲೆ ಎಣಿಸುವುದು.

ತಾಯಂದಿರು, ಅಕ್ಕ-ತಂಗಿಯರು ಪಡೆಯಲ್ಲಿ ಇರಲೇಬೇಕು. ಗಂಡಸರು ಸಂತೆಗೆ, ಕಾರ್ಖಾನೆಗೆ ಹೋದ ಹೊತ್ತಿನಲ್ಲಿ ಹೊಲದಲ್ಲಿ ಇರುವವರು ಅವರೇ. ಎರಡನೆಯ, ಮೂರನೆಯ ಮತ್ತು ಆರನೆಯ ಕೆಲಸಗಳನ್ನು ಅವರು ನಮಗಿಂತ ಅಚ್ಚುಕಟ್ಟಾಗಿ ಮಾಡಬಲ್ಲರು.

ಸಾಮಗ್ರಿ: ಇದ್ದದ್ದನ್ನು ಒಂದೆಡೆ ಕೂಡಿಸಿರಿ

ಪಡೆಗೆ ಬೇಕಾದ ಬಹುತೇಕ ವಸ್ತುಗಳು ಊರಲ್ಲಿ ಈಗಾಗಲೇ ಇವೆ. ಬೆಂಕಿ ಬಿದ್ದಾಗ ಅವು ಸಿಗುವುದಿಲ್ಲ, ಅಷ್ಟೇ ತೊಂದರೆ.

ನೀರಿನ ಟ್ಯಾಂಕರು: ಊರಿನಲ್ಲಿ ಕುಡಿಯುವ ನೀರಿಗೋ ದಾಳಿಂಬೆಗೋ ಬಳಸುವ ೫,೦೦೦ ಲೀಟರಿನ ಟ್ಯಾಂಕರು ಇದ್ದೇ ಇರುತ್ತದೆ. ಹಂಗಾಮು ಮುಗಿಯುವವರೆಗೆ ರಾತ್ರಿ ಅದು ತುಂಬಿಕೊಂಡೇ ನಿಲ್ಲಲಿ ಎಂದು ಮಾಲೀಕರೊಡನೆ ಒಪ್ಪಂದ ಮಾಡಿಕೊಳ್ಳಿರಿ.

ಎಂಜಿನ್ ಪಂಪು: ಇದೇ ಮುಖ್ಯ. ಬಾವಿಯ ವಿದ್ಯುತ್ ಮೋಟರನ್ನು ನಂಬಬೇಡಿರಿ. ಕೃಷಿ ಲೈನಿಗೆ ಕರೆಂಟು ಪಾಳಿಯ ಮೇಲೆ ಬರುತ್ತದೆ. ಬೆಂಕಿ ಬಿದ್ದಾಗ ಲೈನನ್ನು ನಾವೇ ಬಂದು ಮಾಡಿಸಬೇಕಾಗುತ್ತದೆ. ಡೀಸೆಲ್ ಅಥವಾ ಪೆಟ್ರೋಲಿನಿಂದ ನಡೆಯುವ ಪಂಪು, ಇಲ್ಲವೆ ಟ್ರ್ಯಾಕ್ಟರಿನ ಶಕ್ತಿಯಿಂದ ತಿರುಗುವ ಔಷಧ ಸಿಂಪಡಿಸುವ ಎಚ್.ಟಿ.ಪಿ. ಪಂಪು ಇದಕ್ಕೆ ಸರಿ. ಅದರ ಉದ್ದನೆಯ ಪೈಪು ಮತ್ತು ಗನ್ನು ಅಂಚನ್ನು ತೋಯಿಸಲು ಚೆನ್ನಾಗಿ ಬರುತ್ತವೆ.

ಬೆನ್ನಿಗೆ ಹಾಕುವ ಪಂಪು: ೧೬ ಲೀಟರಿನವು ನಾಲ್ಕು. ದೊಡ್ಡ ಉರಿಗೆ ಇವು ಏನೂ ಅಲ್ಲ. ಹಾರಿ ಬಿದ್ದ ಕಿಡಿ, ಬದುವಿನ ಹುಲ್ಲಿನ ಸಣ್ಣ ಉರಿ ಇವಕ್ಕೆ ತಕ್ಕವು. ಕಳೆನಾಶಕಕ್ಕೆ ಬಳಸಿದ ಪಂಪು ಬೇಡ. ಅದರಲ್ಲಿ ಉಳಿದ ಔಷಧ ಪಕ್ಕದ ದಾಳಿಂಬೆ, ದ್ರಾಕ್ಷಿಯನ್ನು ಕೆಡಿಸೀತು, ಮನುಷ್ಯರ ಮೈಮೇಲೂ ಬಿದ್ದೀತು. ಬೇರೆಯೇ ಪಂಪು ಇಟ್ಟು ಕೆಂಪು ಬಣ್ಣ ಬಳಿಯಿರಿ. ನೀರಿಗೆ ಸ್ವಲ್ಪ ಸಾಬೂನಿನ ದ್ರಾವಣ ಕೂಡಿಸಿದರೆ ಅದು ರವದಿಯ ಮೇಲಿಂದ ಜಾರಿಹೋಗದೆ ಒಳಗಿಳಿಯುತ್ತದೆ.

ಕೈ ಸಾಮಾನು: ಸಲಿಕೆ, ಗುದ್ದಲಿ, ಕೊಯ್ತ, ಕೊಡಲಿ, ರವದಿ ಎಳೆಯಲು ಉದ್ದ ಹಿಡಿಯ ಹಲ್ಲುಗೋಲು, ದಪ್ಪ ಗೋಣಿಚೀಲ. ಬೇವಿನ ಹಸಿ ಟೊಂಗೆ ಎಲ್ಲಕ್ಕಿಂತ ಸುಲಭವಾದ ಬಡಿಗೆ.

ಪುಡಿಯ ಅಗ್ನಿಶಾಮಕ ಸಿಲಿಂಡರು: 'ಎಬಿಸಿ' ಪುಡಿಯದು, ಟ್ರ್ಯಾಕ್ಟರಿಗೊಂದು, ಪಂಪ್‌ಹೌಸಿಗೊಂದು. ಇದು ಕಬ್ಬಿನ ಬೆಂಕಿಗಲ್ಲ; ಎಂಜಿನ್, ಡೀಸೆಲ್, ವಿದ್ಯುತ್ ಪೆಟ್ಟಿಗೆಯ ಬೆಂಕಿಗೆ. ಕೆಲವೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದಾದ್ದರಿಂದ ಪಿನ್ನು ಎಳೆದು, ಉರಿಯ ಬುಡಕ್ಕೆ ಗುರಿಯಿಟ್ಟು, ಕಸ ಗುಡಿಸಿದಂತೆ ಅತ್ತಿತ್ತ ಆಡಿಸಬೇಕು. ಮುಳ್ಳು ಹಸಿರು ಗುರುತಿನಲ್ಲಿ ಇದೆಯೋ ಇಲ್ಲವೋ ಎಂದು ತಿಂಗಳಿಗೊಮ್ಮೆ ನೋಡಿರಿ.

ಮೈಮೇಲಿನ ಬಟ್ಟೆ: ಸಾಮಗ್ರಿಗಳಲ್ಲಿ ಇದನ್ನೇ ಜನ ಮರೆಯುವುದು. ತುಂಬು ತೋಳಿನ ದಪ್ಪ ಹತ್ತಿಯ ಅಂಗಿ, ಹತ್ತಿಯ ಪ್ಯಾಂಟು, ಚರ್ಮದ ಬೂಟು, ಚರ್ಮದ ಕೈಗವಸು, ತಲೆಗೆ ಹತ್ತಿಯ ವಸ್ತ್ರ. ನೈಲಾನು, ಪಾಲಿಸ್ಟರು ಕರಗಿ ಚರ್ಮಕ್ಕೆ ಅಂಟುತ್ತವೆ. ಧೋತರದ ಸೆರಗು, ಸೀರೆಯ ಸೆರಗು ಉರಿಯ ಹತ್ತಿರ ಸುಳಿಯಬಾರದು. ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಬಂದವನನ್ನು ಮುಖ್ಯಸ್ಥನು ಹಿಂದಕ್ಕೆ ಕಳಿಸಬೇಕು. ಮುಖಕ್ಕೆ ಕಟ್ಟಿದ ಬಟ್ಟೆ ಬೂದಿಯನ್ನು ತಡೆದೀತು, ಹೊಗೆಯ ವಿಷವನ್ನು ತಡೆಯದು.

ಇವೆಲ್ಲವೂ ಒಂದೇ ಕೋಣೆಯಲ್ಲಿ ಇರಲಿ. ಕೀಲಿಕೈ ಮೂರು ಮನೆಗಳಲ್ಲಿ ಇರಲಿ. ಸಲಿಕೆಯನ್ನು ಮದುವೆಗೆಂದೂ ಪೈಪನ್ನು ಬಾವಿಗೆಂದೂ ಒಯ್ಯುವ ರೂಢಿಗೆ ಅವಕಾಶ ಕೊಡಬೇಡಿರಿ.

ನೀರಿನ ಲೆಕ್ಕ

ಹೆಚ್ಚು ನೀರು ಸುರಿದರೆ ಬೇಗ ಆರುತ್ತದೆ ಎಂಬುದು ಸಾಮಾನ್ಯ ಭಾವನೆ. ನಿಮ್ಮ ಹತ್ತಿರ ಇರುವುದು ಒಂದೇ ಟ್ಯಾಂಕರು, ೫,೦೦೦ ಲೀಟರು. ದೊಡ್ಡ ಪೈಪಿನಿಂದ ಮಿನಿಟಿಗೆ ೪೦೦ ಲೀಟರು ಬಿಟ್ಟರೆ ಅದು ಹನ್ನೆರಡೇ ಮಿನಿಟಿನಲ್ಲಿ ಬರಿದಾಗುತ್ತದೆ. ಸಣ್ಣ ಗನ್ನಿನಿಂದ ಮಿನಿಟಿಗೆ ೪೦ ಲೀಟರು ಬಿಟ್ಟರೆ ಎರಡು ತಾಸು ಬರುತ್ತದೆ. ಉರಿಯುವ ಫಡದ ನಡುವೆ ನೀರು ಎಸೆಯುವುದು ವ್ಯರ್ಥ. ಇನ್ನೂ ಹೊತ್ತಿಕೊಳ್ಳದ ಅಂಚನ್ನು ತೋಯಿಸಲು, ನೆಲ ಬರಿದು ಮಾಡಿದ ಪಟ್ಟಿಯನ್ನು ಕಾಯಲು ಮತ್ತು ಕೊನೆಗೆ ಕೆಂಡ ಆರಿಸಲು ನೀರು ಬೇಕು. ಟ್ಯಾಂಕರಿನಲ್ಲಿ ಕಾಲು ಭಾಗ ಉಳಿದಾಗ ಮುಖ್ಯಸ್ಥನಿಗೆ ಹೇಳಬೇಕು. ಹಿಂದೆ ಸರಿಯುವಾಗ ನಮ್ಮವರನ್ನೇ ಕಾಯಲು ಆ ನೀರು ಬೇಕಾದೀತು.

ತರಬೇತಿ: ನಾಲ್ಕು ದಿನ, ದಿನಕ್ಕೆ ಎರಡು ತಾಸು

ಸಾಮಾನು ಕೊಂಡು ಕೋಣೆಯಲ್ಲಿ ಇಟ್ಟ ಮಾತ್ರಕ್ಕೆ ಪಡೆ ಆಗುವುದಿಲ್ಲ. ಹಂಗಾಮು ಶುರುವಾಗುವ ಮುನ್ನ ನಾಲ್ಕು ದಿನ ಸೇರಿರಿ. ಪಟ್ಟಣದ ಅಗ್ನಿಶಾಮಕ ದಳದವರನ್ನು ಗ್ರಾಮ ಪಂಚಾಯತಿಯ ಪತ್ರ ಕೊಟ್ಟು ಆಮಂತ್ರಿಸಿರಿ.

ಮೊದಲನೆಯ ದಿನ, ಊರಿನ ನಕ್ಷೆ. ಶಾಲೆಯ ಹುಡುಗರು ಬರೆಯುವಂತೆ ದೊಡ್ಡ ಹಾಳೆಯಲ್ಲಿ ಬರೆಯಿರಿ: ಬಾವಿ, ಬೋರು, ಕೃಷಿ ಹೊಂಡ, ಟ್ಯಾಂಕರು ಹೋಗುವ ದಾರಿ, ಹೋಗದ ದಾರಿ, ಜೋತುಬಿದ್ದ ತಂತಿ, ಟೋಳಿಯವರ ಗುಡಿಸಲು. ನಕ್ಷೆ ಮುಗಿಯುವ ಹೊತ್ತಿಗೆ ಎಲ್ಲಿ ದಾರಿ ಅಗಲ ಮಾಡಬೇಕು, ಎಲ್ಲಿ ತಂತಿಯ ಕೆಳಗಿನ ರವದಿ ತೆಗೆಯಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಎರಡನೆಯ ದಿನ, ಸಾಮಗ್ರಿ. ಪಂಪು ಚಾಲೂ ಮಾಡಿ ಗನ್ನಿನಿಂದ ನೀರು ಬರುವವರೆಗೆ ಎಷ್ಟು ಮಿನಿಟು ಹಿಡಿಯಿತು ಎಂದು ಗಡಿಯಾರ ಹಿಡಿದು ನೋಡಿರಿ. ಪಂಪಿನವನು ಊರಲ್ಲಿ ಇಲ್ಲದಿದ್ದರೆ? ಆದ್ದರಿಂದ ಪ್ರತಿಯೊಬ್ಬನೂ ಚಾಲೂ ಮಾಡಿ ತೋರಿಸಬೇಕು.

ಮೂರನೆಯ ದಿನ, ಬೆಂಕಿ. ಬೆಳಗಿನ ಹೊತ್ತು, ಗಾಳಿ ಇಲ್ಲದಾಗ, ಉತ್ತಿದ ಬಯಲು ಹೊಲದಲ್ಲಿ ಸಣ್ಣ ರವದಿಯ ಗುಂಪು ಹಾಕಿ, ಟ್ಯಾಂಕರು ಪಕ್ಕದಲ್ಲಿ ನಿಲ್ಲಿಸಿ, ಅಗ್ನಿಶಾಮಕ ದಳದವರ ಎದುರಿನಲ್ಲಿಯೇ ಇದನ್ನು ಮಾಡಬೇಕು. ಉರಿಯ ಝಳ ಎಷ್ಟು ದೂರಕ್ಕೆ ಬಡಿಯುತ್ತದೆ, ಹೊಗೆಯಲ್ಲಿ ಉಸಿರು ಹೇಗೆ ಕಟ್ಟುತ್ತದೆ ಎಂಬುದನ್ನು ಮೈಯೇ ಕಲಿಯಬೇಕು.

ನಾಲ್ಕನೆಯ ದಿನ, ಹಿಂದೆ ಸರಿಯುವುದು ಮತ್ತು ಪ್ರಥಮ ಚಿಕಿತ್ಸೆ. ಸೀಟಿ ಊದಿದ ಕೂಡಲೆ ಕೈಯಲ್ಲಿದ್ದದ್ದನ್ನು ಅಲ್ಲಿಯೇ ಬಿಟ್ಟು, ಗೊತ್ತುಪಡಿಸಿದ ಜಾಗಕ್ಕೆ ಬಂದು ಹೆಸರು ಹೇಳಬೇಕು. ಇದನ್ನು ಹತ್ತು ಸಲ ಮಾಡಿಸಿರಿ. ಮೊದಲು ನಗು ಬರುತ್ತದೆ. ನಿಜವಾದ ಹೊಗೆಯಲ್ಲಿ ಕಾಲು ತಾನಾಗಿಯೇ ಹೊರಳಬೇಕಾದರೆ ಇದೇ ಅಭ್ಯಾಸ ಬೇಕು.

ಬೆಂಕಿಯ ಮುಖ, ಪಕ್ಕೆ, ಬೆನ್ನು

ಗಾಳಿಯೊಡನೆ ಬೆಂಕಿ ಮುನ್ನುಗ್ಗುವ ಕಡೆ ಅದರ ಮುಖ. ಎರಡು ಬದಿಗಳು ಪಕ್ಕೆಗಳು. ಸುಟ್ಟುಬಂದ ಕಡೆ ಬೆನ್ನು. ಕಬ್ಬಿನ ಬೆಂಕಿಯ ಮುಖಕ್ಕೆ ಎದುರಾಗಿ ಎಂದೂ ನಿಲ್ಲಬಾರದು. ಎತ್ತರದ ಉರಿಗೆ ಬೆನ್ನಿನ ಪಂಪೂ ಟೊಂಗೆಯೂ ಆಟಿಕೆಗಳಷ್ಟೇ. ಬೆನ್ನಿನ ಕಡೆಯಿಂದ, ಸುಟ್ಟು ಆರಿದ ನೆಲವನ್ನು ಕಾಲಡಿಗೆ ಇಟ್ಟುಕೊಂಡು ಪಕ್ಕೆಗಳ ಗುಂಟ ಉರಿ ಆರಿಸುತ್ತ ಮುಂದೆ ಸರಿಯಬೇಕು. ಒಮ್ಮೆ ಸುಟ್ಟ ನೆಲ ಮತ್ತೆ ಉರಿಯದು. ಗಾಳಿ ತಿರುಗಿದರೆ ಅದೇ ನಮಗೆ ಆಸರೆ. ಮುಖವನ್ನು ತಡೆಯಬೇಕಾದರೆ ಬಹಳ ಮುಂದೆ, ರಸ್ತೆ, ಕಾಲುವೆ ಅಥವಾ ಕಡಿದ ಹೊಲ ಇರುವಲ್ಲಿ ರವದಿ ಸರಿಸಿ, ಅಂಚು ತೋಯಿಸಿ ಕಾಯಬೇಕು. ಎದುರು ಬೆಂಕಿ ಹಚ್ಚುವ ಸಾಹಸಕ್ಕೆ ಪಡೆಯವರು ಕೈಹಾಕಬಾರದು. ಗಾಳಿ ತಿರುಗಿದರೆ ಒಂದರ ಬದಲು ಎರಡು ಬೆಂಕಿಗಳ ನಡುವೆ ಸಿಕ್ಕುತ್ತೀರಿ.

ಅಮೆರಿಕದ ಕಾಡ್ಗಿಚ್ಚಿನ ಪಡೆಗಳಲ್ಲಿ ದುಡಿದ ಪಾಲ್ ಗ್ಲೀಸನ್ ಎಂಬವರು ೧೯೯೧ರಲ್ಲಿ ನಾಲ್ಕು ಅಂಶಗಳ ಒಂದು ಸೂತ್ರ ಹೇಳಿದರು. ಕನ್ನಡದಲ್ಲಿ ಅದನ್ನು ಕಾವಲು, ಸುದ್ದಿ, ದಾರಿ, ತಾಣ ಎನ್ನಬಹುದು. ಬೆಂಕಿಯನ್ನು ನೋಡುತ್ತಿರುವ ಕಾವಲುಗಾರ ಇದ್ದಾನೆಯೇ? ಅವನ ಸುದ್ದಿ ಎಲ್ಲರಿಗೂ ಮುಟ್ಟುತ್ತದೆಯೇ? ಹೊರಬೀಳಲು ದಾರಿ ಇದೆಯೇ? ಹೋಗಿ ನಿಲ್ಲಲು ಬೆಂಕಿ ಮುಟ್ಟದ ತಾಣ ಇದೆಯೇ? ನಾಲ್ಕರಲ್ಲಿ ಒಂದಕ್ಕೆ 'ಇಲ್ಲ' ಎಂಬ ಉತ್ತರ ಬಂದರೂ ಕೆಲಸ ಶುರು ಮಾಡಬಾರದು. ಎರಡೂ ಬದಿಗೆ ಎತ್ತರದ ಕಬ್ಬು ಇರುವ ಬಂಡಿ ದಾರಿ ತಪ್ಪಿಸಿಕೊಳ್ಳುವ ದಾರಿಯಲ್ಲ, ಬಾವಿಯೂ ತಾಣವಲ್ಲ. ಉತ್ತಿದ ಹೊಲ, ಸುಟ್ಟು ಆರಿದ ನೆಲ, ಅಗಲವಾದ ರಸ್ತೆ, ಇವು ತಾಣಗಳು.

ತಂತಿ, ಡೀಸೆಲ್, ಗ್ಯಾಸು

ತಂತಿಯ ಕೆಳಗಿನ ಬೆಂಕಿಗೆ ಲೈನು ಬಂದಾಗಿದೆ ಎಂದು ವಿದ್ಯುತ್ ಮಂಡಳಿಯವರು ಖಚಿತವಾಗಿ ಹೇಳುವವರೆಗೆ ನೀರು ಎರಚಬೇಡಿರಿ. ಕಡಿದು ಬಿದ್ದ ತಂತಿಯಲ್ಲಿ ಕರೆಂಟು ಇದೆಯೆಂದೇ ತಿಳಿದು ಜನರನ್ನು ದೂರ ನಿಲ್ಲಿಸಿರಿ. ಹತ್ತಿರದಲ್ಲಿ ಸಿಕ್ಕಿಕೊಂಡವನು ದೊಡ್ಡ ಹೆಜ್ಜೆ ಹಾಕದೆ, ಎರಡೂ ಪಾದಗಳನ್ನು ನೆಲದಿಂದ ಎತ್ತದೆ ಉಜ್ಜುತ್ತ ಉಜ್ಜುತ್ತ ದೂರ ಸರಿಯಬೇಕು.

ಕೊಟ್ಟಿಗೆ, ಪಂಪ್‌ಹೌಸು, ಗುಡಿಸಲು ಉರಿಯುತ್ತಿದ್ದರೆ ನೀರು ಹಾಕುವ ಮೊದಲು ಒಳಗೆ ಏನಿದೆ ಎಂದು ಕೇಳಿರಿ: ಡೀಸೆಲ್ಲೇ, ಗ್ಯಾಸಿನ ಸಿಲಿಂಡರೇ, ಕೀಟನಾಶಕವೇ? ೧೯೪೪ರ ಏಪ್ರಿಲ್ ೧೪ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗಿನ ಹತ್ತಿ ಬೇಲುಗಳಿಗೆ ಬೆಂಕಿ ಹತ್ತಿತು. ಅದೇ ಹಡಗಿನಲ್ಲಿ ಸಿಡಿಮದ್ದೂ ತುಂಬಿತ್ತು. ಬೆಂಕಿ ಆರಿಸುತ್ತಿದ್ದಾಗಲೇ ಹಡಗು ಸಿಡಿದು ಅರವತ್ತಕ್ಕೂ ಹೆಚ್ಚು ಅಗ್ನಿಶಾಮಕರು ಮಡಿದರು. ಅವರ ನೆನಪಿಗಾಗಿಯೇ ದೇಶದಲ್ಲಿ ಪ್ರತಿ ವರ್ಷ ಏಪ್ರಿಲ್ ೧೪ನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸಲಾಗುತ್ತದೆ.

ಮೈ ಸುಟ್ಟರೆ

ಬಟ್ಟೆಗೆ ಉರಿ ಹತ್ತಿದವನು ಓಡಬಾರದು; ಕೈಯಿಂದ ಮುಖ ಮುಚ್ಚಿ ನೆಲಕ್ಕೆ ಬಿದ್ದು ಹೊರಳಬೇಕು. ಸುಟ್ಟ ಭಾಗದ ಮೇಲೆ ತಣ್ಣನೆಯ ಶುದ್ಧ ನೀರನ್ನು ೨೦ ಮಿನಿಟು ಹರಿಸಿರಿ. ಬಾವು ಬರುವ ಮೊದಲೇ ಉಂಗುರ, ಬಳೆ, ಕಡಗ ತೆಗೆಯಿರಿ. ಅಂಟಿಕೊಂಡ ಬಟ್ಟೆಯನ್ನು ಎಳೆಯಬೇಡಿರಿ. ಟೂತ್‌ಪೇಸ್ಟು, ಶಾಯಿ, ತುಪ್ಪ, ಮಣ್ಣು, ಐಸು ಯಾವುದೂ ಬೇಡ. ಶುಚಿಯಾದ ಹತ್ತಿಯ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ ೧೦೮ಕ್ಕೆ ಫೋನು ಮಾಡಿರಿ. ಹೊಗೆ ಕುಡಿದವನ ದನಿ ಒಡೆದಿದ್ದರೆ, ಮೂಗಿನ ಕೂದಲು ಕರಕಾಗಿದ್ದರೆ, ಮೈಮೇಲೆ ಗಾಯವಿಲ್ಲದಿದ್ದರೂ ಅವನನ್ನು ಆಸ್ಪತ್ರೆಗೆ ಒಯ್ಯಲೇಬೇಕು.

ಆರಿದ ಮೇಲೂ ಕೆಲಸ ಉಂಟು

ಉರಿ ಕಾಣದಾದೊಡನೆ ಜನ ಮನೆಗೆ ಹೋಗುತ್ತಾರೆ. ಬದುವಿನ ಮರದ ಬೊಡ್ಡೆ, ದಪ್ಪ ರವದಿಯ ಅಡಿ, ಸಗಣಿಯ ತಿಪ್ಪೆ ಇವುಗಳಲ್ಲಿ ಕೆಂಡ ರಾತ್ರಿಯಿಡೀ ಉಳಿದು ಮರುದಿನದ ಗಾಳಿಗೆ ಮತ್ತೆ ಏಳುತ್ತದೆ. ಇಬ್ಬರು ಕಾವಲಿಗೆ ಉಳಿಯಬೇಕು. ಅದೇ ದಿನ ತಲಾಠಿಗಳಿಗೂ ಪೊಲೀಸರಿಗೂ ತಿಳಿಸಿ ಪಂಚನಾಮೆ ಮಾಡಿಸಿರಿ. ಕಾರ್ಖಾನೆಯ ಗಟ ಕಚೇರಿಗೆ ಕೂಡಲೆ ಸುದ್ದಿ ಕೊಡಿರಿ. ಸುಟ್ಟ ಕಬ್ಬು ಎಷ್ಟು ಬೇಗ ಗಾಣಕ್ಕೆ ಬಂದರೆ ಹಾನಿ ಅಷ್ಟು ಕಡಿಮೆ. ತಡಮಾಡಿದ ಒಂದೊಂದು ದಿನವೂ ನಿಮ್ಮ ತೂಕದಲ್ಲಿ ಕಾಣುತ್ತದೆ.

ಹಣ ಮತ್ತು ಆರಂಭ

ಜಾತ್ರೆಗೆ ಪಟ್ಟಿ ಎತ್ತುವ ಊರಿಗೆ ಇದು ದೊಡ್ಡ ಹೊರೆಯಲ್ಲ. ಕಬ್ಬಿನ ಏಕರೆಯ ಲೆಕ್ಕದಲ್ಲಿ ಪಟ್ಟಿ ಹಾಕಿ, ಗ್ರಾಮಸಭೆಯಲ್ಲಿ ಲೆಕ್ಕ ಓದಿ ಹೇಳಿರಿ. ಅಭ್ಯಾಸಕ್ಕೆ ಬಾರದವನಿಗೆ ಫ್ರಾಂಕ್ಲಿನ್ನರ ಸಂಘದಂತೆ ದಂಡ ಹಾಕಿದರೂ ಆದೀತು. ಖಂಡೇನವಮಿಯ ದಿನ ನಾವು ಕೊಯ್ತ, ನೇಗಿಲು, ಟ್ರ್ಯಾಕ್ಟರುಗಳನ್ನು ತೊಳೆದು ಪೂಜೆ ಮಾಡುತ್ತೇವೆ. ಅದೇ ದಿನ ಪಡೆಯ ಪಂಪನ್ನೂ ಹೊರಗೆ ತೆಗೆದು, ಚಾಲೂ ಮಾಡಿ, ಪೈಪಿನ ತೂತು ನೋಡಿ, ಕುಂಕುಮ ಹಚ್ಚಿ ಒಳಗೆ ಇಡಿರಿ. ಹಂಗಾಮು ಶುರುವಾಗುವುದು ಅದಾದ ಮೇಲೆಯೇ.

ಈ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗುಡಿಯ ಮೈಕಿನ ಪಕ್ಕದಲ್ಲಿಯೂ ಹಾಲಿನ ಡೇರಿಯಲ್ಲಿಯೂ ಹಚ್ಚಿರಿ:

ಅಗ್ನಿಶಾಮಕ ದಳ: ೧೦೧
ಎಲ್ಲ ತುರ್ತು ಕರೆ: ೧೧೨
ವಿದ್ಯುತ್ ದೂರು: ೧೯೧೨
ಆಂಬುಲೆನ್ಸ್: ೧೦೮

ಫೋನಿನಲ್ಲಿ ಹೇಳುವ ಕ್ರಮ: ಊರಿನ ಹೆಸರು, ತಾಲೂಕು, ಯಾವ ರಸ್ತೆಯಿಂದ ಬರಬೇಕು, ಏನು ಉರಿಯುತ್ತಿದೆ, ಜನ ಸಿಕ್ಕಿದ್ದಾರೆಯೇ, ನಿಮ್ಮ ಫೋನು ನಂಬರು. ಊರಿನ ಪಡೆ ಇದ್ದರೂ ೧೦೧ಕ್ಕೆ ಮೊದಲು ಫೋನು ಮಾಡಲೇಬೇಕು. ಪಡೆ ಬಂಬಕ್ಕೆ ಕೈಗೂಡಿಸುವುದೇ ಹೊರತು ಅದರ ಬದಲಿಯಲ್ಲ.

ಸಭಾಸದ ಬಂಧುಗಳೇ, ಕಬ್ಬು ಈ ವರ್ಷ ಹೋದರೆ ಬರುವ ವರ್ಷ ಬೆಳೆದೀತು. ಬುಡದ ಕುಳೆ ಮತ್ತೆ ಚಿಗುರುತ್ತದೆ. ಮನೆಯ ಹಿರಿಯನು ಹೋದರೆ ಆ ಜಾಗ ತುಂಬುವುದಿಲ್ಲ. ಬರುವ ಗ್ರಾಮಸಭೆಯಲ್ಲಿ ಈ ವಿಷಯ ತೆಗೆಯಿರಿ. ಹನ್ನೆರಡು ಹೆಸರುಗಳನ್ನು ಬರೆದು ಗಟ ಕಚೇರಿಗೆ ಮುಟ್ಟಿಸಿರಿ ಎಂದು ವಿನಂತಿ.

– ಕೃಷಿ ವಿಭಾಗ